ಎರಡು ಮುದ್ದೆಯ ಅಳತೆ

ಹರ್ಷಿಣಿಗೆ ಯಾದಗಿರಿ ಕಡೆ ಟೀಚರ್ ಕೆಲಸ,
ತೇಜು ತೋರಣಗಲ್ಲಿನಲ್ಲಿ ಫಿಟ್ಟರು.
ಇಬ್ಬರೂ ಹೋದದ್ದು ಒಂದೇ ಆಷಾಢದಲ್ಲಿ,
ಹನ್ನೊಂದು ದಿನದ ಅಂತರ.
ಹಾಸನದ ಸ್ಟ್ಯಾಂಡಿನಲ್ಲಿ ನಾನೇ ಹತ್ತಿಸಿದೆ.
ಹತ್ತಿಸಿ ರೂಢಿಯಿದೆ ನನಗೆ,
ಇಪ್ಪತ್ತೊಂದು ವರ್ಷ ಅದೇ ಕೆಲಸ.
ಬಾಗಿಲು ಎಳೆದು, ಎರಡು ಸೀಟಿ ಊದಿ, ರೈಟ್ ಎಂದು
ಕಳಿಸಿಬಿಡುವುದು ಎಷ್ಟು ಹೊತ್ತಿನ ಮಾತು!
ಆದರೆ ಆವತ್ತು ಸೀಟಿ
ಬೇರೆ ಯಾರದೋ ಬಾಯಲ್ಲಿತ್ತು.

ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ.
ಅದು ನಾಲ್ಕು ಮುದ್ದೆಯ ಕೈ.
ಎಸರಿಗೆ ನೀರು ಹೊಯ್ದರೆ ನಾಲ್ಕಕ್ಕೆ ನಿಲ್ಲುತ್ತದೆ,
ಹಿಟ್ಟು ಸುರಿದರೂ ನಾಲ್ಕಕ್ಕೇ.
ಮೊದಲ ವಾರ ಇಬ್ಬರೂ ಎರಡೆರಡು ಉಂಡೆವು
ಏನೂ ಆಗದವರ ಹಾಗೆ.
ಎರಡನೇ ವಾರ ಹಾಲಿನ ಜುಲೇಖಾಬಿಯ ಎಮ್ಮೆಗೆ.
ಮೂರನೇ ವಾರ
ಎಮ್ಮೆಯೂ ಮುಖ ತಿರುಗಿಸಿತು.

ಡಿಪೋದಲ್ಲಿ ಬ್ಯಾಗಿನ ದುಡ್ಡು ಕಮ್ಮಿ ಬಂದರೂ ಕೇಳುತ್ತಾರೆ,
ಜಾಸ್ತಿ ಬಂದರೂ ಕೇಳುತ್ತಾರೆ.
ಮನೆಯಲ್ಲೀಗ ಎಲ್ಲ ಜಾಸ್ತಿ.
ಹಂಡೆಯಲ್ಲಿ ಬಿಸಿನೀರು, ಡಬ್ಬಿಯಲ್ಲಿ ಚಕ್ಕುಲಿ,
ಬಟ್ಟೆ ಹಗ್ಗದ ಮೇಲೆ ಜಾಗ.
ಸಿಲಿಂಡರು ಎರಡು ತಿಂಗಳು ದಾಟಿ ಇನ್ನೂ ಉರಿಯುತ್ತದೆ;
ಅಲ್ಲಾಡಿಸಿ ನೋಡುತ್ತೇನೆ, ನಂಬಿಕೆ ಬರದೆ.
ಈ ಲೆಕ್ಕ ಯಾರಿಗೆ ಒಪ್ಪಿಸಲಿ?

ನಮ್ಮವರು ನಗರಸಭೆಯಲ್ಲಿ ನೀರು ಬಿಡುವವರು.
ರಾತ್ರಿ ಎರಡಕ್ಕೆ ಎದ್ದು ವಾಲ್ವು ತಿರುಗಿಸಲು ಹೋದರೆ
ಅವರು ಬರುವಷ್ಟರಲ್ಲಿ ನಾನು ಬೇಲೂರಿನ ಫಸ್ಟ್ ಬಸ್ಸು.
ನಮ್ಮಿಬ್ಬರ ನಡುವಿನ ಅಂಚೆ ಮಕ್ಕಳೇ.
ಅಪ್ಪಂಗೆ ಹೇಳು, ಅಕ್ಕಿ ಮುಗಿದಿದೆ.
ಅಮ್ಮಂಗೆ ಹೇಳು, ಭಾನುವಾರ ಬೀಗರ ಊಟ.
ಜಗಳವೂ ಅವರ ಬಾಯಲ್ಲೇ ಹೋಗಿ ಬಂದು
ದಾರಿಯಲ್ಲಿ ಅರ್ಧ ತಣ್ಣಗಾಗಿರುತ್ತಿತ್ತು.
ಈಗ ಮಾತು ನೇರ ಬಂದು ತಗಲುತ್ತದೆ.
ಅಕ್ಕಿ ಮುಗಿದಿದೆ ಎಂದರೆ
ಬೈದ ಹಾಗೆ ಕೇಳಿಸುತ್ತದಂತೆ ಅವರಿಗೆ.

ನನ್ನ ಹೆಸರು ಹಿಡಿದು ಕರೆದವರಲ್ಲ ಅವರು.
'ಹರ್ಷಿಣೀ' ಎಂದು ಕೂಗಿದರೆ ನಾನು ಓಗೊಡಬೇಕು,
ಅದು ನಮ್ಮ ಮನೆಯ ರಿವಾಜು.
ಮೊನ್ನೆಯೂ ಕೂಗಿದರು ಹಿತ್ತಲಿಂದ, ಟವೆಲ್ಲಿಗಾಗಿ.
ಇಬ್ಬರೂ ಒಂದು ಗಳಿಗೆ
ಬೀದಿ ಬಾಗಿಲ ಕಡೆ ನೋಡಿದೆವು.

ಹಗರೆಯಲ್ಲಿ ಹತ್ತಿದ ತಾಯಿಯೊಬ್ಬಳು
ಮಗನಿಗೆ ಅರ್ಧ ಟಿಕೆಟ್ಟೇ ಸಾಕೆಂದು ಜಗಳಕ್ಕೆ ನಿಂತಳು.
ಬಿಡುವವಳಲ್ಲ ನಾನು;
ಗುರುತಿನ ಗೆರೆಗೆ ನಿಲ್ಲಿಸಿ ಅಳೆಯುವವಳು.
ಹುಡುಗ ಮೆಲ್ಲಗೆ ಮಂಡಿ ಮಡಿಸಿದ, ಕತ್ತು ಕುಗ್ಗಿಸಿದ.
ಹಾಗೇ ಇರು, ಎಂದೆ.
ಅರ್ಧವನ್ನೇ ಒತ್ತಿದೆ.
ಪಾಪ, ಬೇಲೂರು ಬರುವವರೆಗೂ
ಅವನು ನೆಟ್ಟಗಾಗಲಿಲ್ಲ, ಹೆದರಿ.

ವಾರದ ರಜೆಯ ದಿನ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದೆವು,
ಜೊತೆಯಲ್ಲಿ, ಒಂದೇ ಛತ್ರಿಯಲ್ಲಿ.
ಇಬ್ಬರಿಗೆ ಮುದ್ದೆ ಮಾಡೋ ಪಾತ್ರೆ ಕೊಡಿ, ಎಂದೆ.
'ಹೊಸದಾಗಿ ಸಂಸಾರ ಹೂಡೋರಿಗಾ?'
ನಮ್ಮವರು ಛತ್ರಿಯ ಕಡ್ಡಿ ಎಣಿಸತೊಡಗಿದರು.
ಹೌದು, ಎಂದೆ ನಾನೇ.
'ಹಾಗಾದರೆ ಒಂದು ನಂಬರ್ ದೊಡ್ಡದು ತಗೊಳ್ಳಮ್ಮ,
ನಾಳೆ ಮಕ್ಕಳಾದರೆ ಇದು ಸಾಲಲ್ಲ.'
ಅಂಗಡಿ ದಾಟುವವರೆಗೂ ತಡೆದುಕೊಂಡೆವು.
ಆಮೇಲೆ ಸೊಪ್ಪಿನವರ ಸಾಲಿನಲ್ಲಿ ನಿಂತು ನಕ್ಕೆವು;
ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು.
ವಾಲ್ವು ಲೀಕು, ಎಂದೆ.

ಸಣ್ಣದನ್ನೇ ತಂದೆವು.
ಹೊಸ ಪಾತ್ರೆಯ ಮೊದಲ ಮುದ್ದೆ ಬರೀ ಗಂಟು.
ಗಂಟನ್ನು ತಟ್ಟೆಯಂಚಿಗೆ ಸರಿಸಿ, ಎಷ್ಟೋ ಯೋಚಿಸಿ,
'ಕಂಡಕ್ಟ್ರೇ, ಸಾರು' ಎಂದರು.
ಚಿಲ್ಲರೆ ಇದ್ದರೆ ಮಾತ್ರ, ಎಂದೆ.

ದೀಪಾವಳಿಗೆ ಇಬ್ಬರಿಗೂ ರಜೆಯಿದೆಯಂತೆ, ನೋಡಬೇಕು.
ಹಳೆಯ ಪಾತ್ರೆ ಅಟ್ಟಕ್ಕೆ ಹಾಕಿಲ್ಲ,
ಕೆಳಗೇ ಇದೆ, ಒಲೆಯ ಕಟ್ಟೆಯಡಿ.
ಸದ್ಯಕ್ಕೆ
ಆಲೂಗಡ್ಡೆ ತುಂಬಿಟ್ಟಿದ್ದೇನೆ.